ಮೆಲ್ಲಣ್ಣನ ಮನೆಗಾಡಿ

ನನ್ನ ಮೈದುನನನ್ನು ಬೀದಿಯವರೆಲ್ಲ ಮೆಲ್ಲಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕೂಗುವವರು ಯಾರೂ ಉಳಿದಿರಲಿಲ್ಲ. ಅವನು ದೊಡ್ಡಾಸ್ಪತ್ರೆಯ ಶವದ ಗಾಡಿಯ ಡ್ರೈವರು. ಸೇರಿದಾಗಿನಿಂದ ರಿಟೈರ್ ಆಗುವ ತನಕ ಅದೊಂದೇ ಕೆಲಸ. ಹಿಂದೆ ಮಲಗಿದವರು ಅಲುಗಬಾರದು, ಅವರ ಪಕ್ಕ ಕೂತು ಅಳುವವರು ಮುಗ್ಗರಿಸಬಾರದು ಅಂತ, ಗುಂಡಿ ಕಂಡರೆ ಗಾಡಿಯನ್ನು ಕೈಹಿಡಿದು ನಡೆಸಿದ ಹಾಗೆ ಇಳಿಸಿ ಹತ್ತಿಸುತ್ತಿದ್ದ. ಅವನು ಬ್ರೇಕನ್ನು ಜೋರಾಗಿ ಒತ್ತಿದ್ದನ್ನು ಯಾರೂ ಕಂಡಿಲ್ಲ. ರಸ್ತೆಯಲ್ಲಿ ಅವನಿಗೆ ಹಾರ್ನ್ ಹೊಡೆಯುವವರಿಲ್ಲ, ಅವನನ್ನು ದಾಟಿ ಮುಂದೆ ಹೋಗುವವರೂ ಕಮ್ಮಿ. ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಡುವವರೇ. ಹಾಗಾಗಿ ಹಿಂದೆ ನೋಡುವ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಇಟ್ಟಿರುತ್ತಿದ್ದ. "ಹಿಂದೆ ಕೂತವರು ಅಳೋದನ್ನ ನಾನ್ಯಾಕೆ ನೋಡ್ಲಿ ಅತ್ತಿಗೆ" ಅನ್ನುತ್ತಿದ್ದ.

ನಮ್ಮ ಮನೆಯವರು ಬದುಕಿದ್ದಾಗ ತಮ್ಮನನ್ನು ರೇಗಿಸುತ್ತಿದ್ದರು. "ನಿನ್ನ ಗಾಡಿ ಹತ್ತಿದವರು ಯಾರೂ ಇದುವರೆಗೆ ದೂರು ಕೊಟ್ಟಿಲ್ಲ ಬಿಡೋ." ಕೊನೆಗೆ ಅವರೂ ಅದೇ ಗಾಡಿ ಹತ್ತಿದರು. ಅಣ್ಣನನ್ನು ಅವನೇ ಕರೆದುಕೊಂಡು ಹೋದ, ಬೇರೆ ಡ್ರೈವರ ಕೈಗೆ ಸ್ಟಿಯರಿಂಗ್ ಕೊಡಲಿಲ್ಲ. ನಾನು ಹಿಂದೆ ಕೂತಿದ್ದೆ. ದಾರಿ ಮುಗಿದದ್ದೇ ನನಗೆ ತಿಳಿಯಲಿಲ್ಲ. ಅದಾದ ಮೇಲೆ ಅವನೂ ಅವನ ಹೆಂಡತಿಯೂ ಬಂದು ನನ್ನ ಪೆಟ್ಟಿಗೆ, ಹಾಸಿಗೆ ಎತ್ತಿಕೊಂಡು ತಮ್ಮ ಮನೆಗೇ ನನ್ನನ್ನು ಕರೆದುಕೊಂಡು ಹೋದರು. ಅಡುಗೆಮನೆಗೆ ಅಂಟಿದ ಕೋಣೆ ನನಗೆ ಬಿಟ್ಟುಕೊಟ್ಟರು. ಮಕ್ಕಳಿಲ್ಲದ ಮನೆ. ನಾವು ಮೂರೇ ಜನ.

ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಬಟ್ಟೆ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸ ಮಾಡುತ್ತಿದ್ದವಳು. ಕುತ್ತಿಗೆಗೆ ಟೇಪು ಹಾಕಿಕೊಂಡು ಗಿರಾಕಿಗಳನ್ನು ನಗಿಸುತ್ತಾ ಸೊಂಟ ಅಳೆಯುತ್ತಿದ್ದಳು. ಬಾಯಿ ಅಂದರೆ ಬಾಯಿ ಅವಳದು. ಗಂಡ ಆಡದೆ ಉಳಿಸಿದ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು. ಆಮೇಲೆ ಅವಳ ಕರುಳಿನಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಿ, ಒಂದಷ್ಟು ಕರುಳು ಕೊಯ್ದು ತೆಗೆದು, ಹೊಟ್ಟೆಯ ಪಕ್ಕಕ್ಕೆ ದಾರಿ ಮಾಡಿ ಚೀಲ ಕೂರಿಸಿದರು. ಜೀವ ಉಳಿಯಿತು. ಆದರೆ ಮಾಮೂಲಿ ದಾರಿ ಮುಚ್ಚಿ, ಎಲ್ಲವೂ ಆ ಚೀಲಕ್ಕೇ ಬರಬೇಕು. ಅದನ್ನು ಬಿಚ್ಚಬೇಕು, ತೊಳೆಯಬೇಕು, ಚರ್ಮ ಒರೆಸಬೇಕು, ಮತ್ತೆ ಅಂಟಿಸಬೇಕು. ಕೆಲವು ದಿನ ಸುಮ್ಮನಿರುತ್ತದೆ, ಕೆಲವು ದಿನ ಸೋರುತ್ತದೆ. ಯಾವಾಗ ಅಂತ ಹೇಳುವ ಹಾಗಿಲ್ಲ.

ಅಂಗಡಿ ಕೆಲಸ ಬಿಟ್ಟಳು. ಮೊದಲು ಪಕ್ಕದ ಬೀದಿಗೆ ಹೋಗುವುದು ನಿಂತಿತು, ಆಮೇಲೆ ಪಕ್ಕದ ಮನೆಗೆ. ನೆಂಟರು ಬಂದರೆ ಒಳಗೇ ಇರುತ್ತಿದ್ದಳು. ಇನ್ನೊಬ್ಬರ ಬಚ್ಚಲಿಗೆ ಕಾಲಿಡುವುದು ಅಂದರೆ ಅವಳಿಗೆ ಬೆಂಕಿ ತುಳಿದ ಹಾಗೆ. ಮನೆಯ ಹಿಂಭಾಗದಲ್ಲಿ ಅವಳಿಗಾಗಿಯೇ ಮೆಲ್ಲಣ್ಣ ಒಂದು ಸಣ್ಣ ಬಚ್ಚಲು ಕಟ್ಟಿಸಿದ. ಕಟ್ಟಿಸಿದ ಮೇಲೆ ಅದರ ಒಳಗೆ ತಾನು ಕಾಲಿಡಲಿಲ್ಲ. ಬಲ್ಬು ಹೋದರೂ ಬಾಗಿಲು ತಟ್ಟಿ, ಅವಳು ಹೂಂ ಅಂದ ಮೇಲೆ, ಅವಳು ಎಲ್ಲ ಎತ್ತಿಟ್ಟ ಮೇಲೆ ಒಳಗೆ ಹೋಗುತ್ತಿದ್ದ. ಒಂದು ಸಲ ನಾನು ಕೇಳಿದೆ, "ಕಟ್ಟಿಕೊಂಡ ಹೆಂಡ್ತಿ ಬಚ್ಚಲಿಗೆ ಇಷ್ಟು ಮರ್ಯಾದೆ ಯಾಕಪ್ಪ?" ಅಂತ. "ಅವಳಿಗೆ ಅಂತ ಉಳಿದಿರೋದು ಅದೊಂದೇ ಬಾಗಿಲು ಅತ್ತಿಗೆ" ಅಂದ.

ವಾರಗಿತ್ತಿಯ ತಾಯಿ ದೂರದ ಊರಿನಲ್ಲಿ, ಬೆಟ್ಟ ದಾಟಿ ಆಚೆ, ಮಗನ ಮನೆಯಲ್ಲಿದ್ದಳು. ಕಿವಿ ಪೂರ್ತಿ ಹೋಗಿತ್ತು. ಫೋನಿನಲ್ಲಿ ಮಗಳು ಎಷ್ಟು ಕೂಗಿದರೂ ಮುದುಕಿಗೆ ಕೇಳಿಸದು. "ಯಾಕೆ ಬರಲ್ಲ ಅವಳು, ನನ್ನ ಮೇಲೆ ಕೋಪವಾ?" ಅಂತ ಮಗನನ್ನು ಕೇಳುತ್ತಿದ್ದಳಂತೆ. ಚೀಲದ ವಿಷಯ ಅಮ್ಮನಿಗೆ ಹೇಳಕೂಡದು ಅಂತ ವಾರಗಿತ್ತಿ ತಮ್ಮನಿಂದ ಆಣೆ ಮಾಡಿಸಿಕೊಂಡಿದ್ದಳು. ಹಾಗಾಗಿ ಮುದುಕಿಯ ಪಾಲಿಗೆ ಮಗಳು ಸುಮ್ಮನೆ ಬರುವುದನ್ನು ಬಿಟ್ಟವಳು.

ಇದನ್ನು ಕೇಳಿ ಕೇಳಿ ಮೆಲ್ಲಣ್ಣ ಒಂದು ದಿನ ಎದ್ದು ಹೋದವನು ಟ್ರೇಲರ್ ನೋಡಿಕೊಂಡು ಬಂದ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಸಣ್ಣ ಮನೆ. ಎರಡು ಚಕ್ರ, ಒಂದು ಮಂಚ, ಅಂಗೈ ಅಗಲದ ಒಲೆಕಟ್ಟೆ, ಹಿಂದಿನ ಮೂಲೆಯಲ್ಲಿ ಬಾಗಿಲಿರುವ ಒಂದು ಪುಟ್ಟ ಬಚ್ಚಲು. ಆ ಬಚ್ಚಲು ನೋಡಿಯೇ ಅವನು ಅದನ್ನು ಕೊಂಡದ್ದು. ನಾವು ಅದಕ್ಕೆ ಮನೆಗಾಡಿ ಅಂದೆವು. ಎದುರು ಮನೆಯ ಕ್ಷೌರಿಕ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ ಮೆಲ್ಲಣ್ಣ, ಕಕ್ಕಸಿಗೆ ಚಕ್ರ ಹಾಕ್ಸಿದ್ದೀಯ" ಅಂದ. "ನಿನ್ನ ಅಂಗಡಿಗಿಂತ ದೊಡ್ಡದಿದೆ ಕಣೋ" ಅಂತ ಇವನು. ಅವತ್ತು ವಾರಗಿತ್ತಿ ಕಿಟಕಿಯಿಂದ ಕೇಳಿಸಿಕೊಂಡು ನಕ್ಕಳು. ಅವಳು ನಕ್ಕು ಬಹಳ ಕಾಲವಾಗಿತ್ತು.

ಮಾರಿದವಳು ಬಸ್ ಡಿಪೋ ಪಕ್ಕದಲ್ಲಿ ವೆಲ್ಡಿಂಗ್ ಶೆಡ್ ನಡೆಸುವ ಹೆಂಗಸು. ಗಾಡಿ ಕೊಟ್ಟು ಕೈ ತೊಳೆದುಕೊಳ್ಳುವ ಜಾತಿಯವಳಲ್ಲ. ಮೆಲ್ಲಣ್ಣನ ಹಳೇ ಕಾರಿಗೆ ಇಷ್ಟು ಭಾರ ಎಳೆಯುವ ತ್ರಾಣ ಇದೆಯಾ ಅಂತ ಮೊದಲು ನೋಡಿದಳು. ಆಮೇಲೆ ಕಟ್ಟುವುದು ಹೇಗೆ, ಬಿಚ್ಚುವುದು ಹೇಗೆ ಅಂತ ಪಾಠ. ನಾನೂ ಜೊತೆಗೆ ಹೋಗುತ್ತಿದ್ದೆ, ಒಂದು ಕಬ್ಬಿಣದ ಸ್ಟೂಲ್ ಮೇಲೆ ಕೂತು ನೋಡುತ್ತಿದ್ದೆ. ಕಾರಿನ ಹಿಂದೆ ಒಂದು ಗುಂಡು, ಗಾಡಿಯ ಮೂತಿಯಲ್ಲಿ ಅದನ್ನು ಕಚ್ಚುವ ಬಾಯಿ. ಕಚ್ಚಿತು ಅನ್ನಿಸಿದರೆ ಸಾಲದು, ಮೂತಿಯನ್ನು ಎತ್ತಿ ನೋಡಬೇಕು. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಕಚ್ಚಿದೆ ಅಂತ. ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಯಿಸಿ ಹಾಕಬೇಕು. ಅಕಸ್ಮಾತ್ ಮೂತಿ ಕಳಚಿದರೆ ನೆಲಕ್ಕೆ ತಾಗದೆ ತೊಟ್ಟಿಲಲ್ಲಿ ಬಿದ್ದ ಹಾಗೆ ಆ ಸರಪಳಿ ಮೇಲೆ ಬೀಳಬೇಕು. ಚಕ್ರಕ್ಕೆ ಗಾಳಿ, ಹಿಂದಿನ ದೀಪ, ಇಂಡಿಕೇಟರ್. ಕಾರಿನ ಎರಡೂ ಪಕ್ಕಕ್ಕೆ ಉದ್ದ ತೋಳಿನ ಕನ್ನಡಿ ಕಟ್ಟಿದಳು.

"ಅಣ್ಣಾ, ಇನ್ಮೇಲೆ ನೀವು ಮುಂದೆ ನೋಡೋವಷ್ಟೇ ಹಿಂದೆನೂ ನೋಡ್ಬೇಕು" ಅಂದಳು.

"ಅದೊಂದು ನನಗೆ ಅಭ್ಯಾಸ ಇಲ್ಲಮ್ಮ."

"ಮಾಡ್ಕೊಳ್ಳಿ. ಹಿಂದೆ ಇರೋದು ಸುಮ್ನೆ ಮಲಗಿರೋ ಸಾಮಾನಲ್ಲ."

ಎಲ್ಲಕ್ಕಿಂತ ಜಾಸ್ತಿ ಅವಳು ಹೇಳಿದ್ದು ಭಾರದ ವಿಷಯ. ಭಾರದ ಸಾಮಾನೆಲ್ಲ ಚಕ್ರದ ಮುಂದಕ್ಕೆ, ಕೆಳಗೆ ಇರಬೇಕು. ಹಿಂದೆ ಭಾರವಾದರೆ ಮೂತಿ ಹಗುರವಾಗಿ, ಗಾಡಿ ಬಾಲ ಆಡಿಸಲು ಶುರು ಮಾಡುತ್ತದೆ. ಒಂದು ಸಲ ಆಡಿಸಿದರೆ ನಿಲ್ಲಿಸುವುದು ಕಷ್ಟ, ಕಾರನ್ನೂ ಸೇರಿಸಿ ಮಗುಚುತ್ತದೆ. ಆಗ ಹೆದರಿ ಬ್ರೇಕ್ ಒತ್ತಿದರೆ ಕತೆ ಮುಗಿಯಿತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಅದಾಗಿ ಅದು ಶಾಂತವಾಗುವ ತನಕ ಕಾಯಬೇಕು. ಒಂದು ತೂಕದ ಮಣೆ ತಂದು, ಅದರ ಮೇಲೆ ಮರದ ತುಂಡು ಇಟ್ಟು, ಮೂತಿಯನ್ನು ಕೂರಿಸಿ ತೋರಿಸಿದಳು. ಗಾಡಿಯ ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಮೂತಿಯ ಮೇಲೆ ಕೂರಬೇಕು. "ಹೊರಡೋ ಮುಂಚೆ ಪ್ರತಿ ಸಲ ತೂಗಿ. ಮನೆಯವರು ಒಂದು ಟ್ರಂಕು ಆಚೀಚೆ ಇಟ್ರೂ ಲೆಕ್ಕ ತಪ್ಪುತ್ತೆ" ಅಂದಳು. ಮನೆಯವಳು ಅಲ್ಲಿ ಇರಲಿಲ್ಲ. ಅವಳು ಮನೆ ಬಿಟ್ಟು ಹೊರಡುವವಳಲ್ಲವಲ್ಲ. ಪಾಠವೆಲ್ಲ ಕೇಳಿಸಿಕೊಂಡವರು ನಾವಿಬ್ಬರೇ.

ಸಂತೆ ಮೈದಾನ ಖಾಲಿ ಇರುವ ದಿನಗಳಲ್ಲಿ ಮೆಲ್ಲಣ್ಣ ಅಲ್ಲಿ ರಿವರ್ಸ್ ಕಲಿತ. ಸ್ಟಿಯರಿಂಗನ್ನು ಈ ಕಡೆ ತಿರುಗಿಸಿದರೆ ಗಾಡಿ ಆ ಕಡೆ ಹೋಗುತ್ತದೆ. ಜೀವನವಿಡೀ ಗಾಡಿ ಓಡಿಸಿದವನು ಎಳೆ ಹುಡುಗನ ಹಾಗೆ ಒದ್ದಾಡಿ ತರಕಾರಿ ಕಟ್ಟೆಗೆ ಗುದ್ದಿದ. ವೆಲ್ಡಿಂಗ್ ಹೆಂಗಸು, "ಮೊದಲು ಹತ್ತಿರ ಹತ್ತಿರ ಹೋಗಿ ಬನ್ನಿ ಅಣ್ಣ, ಬೆಟ್ಟದ ದಾರಿ ಈಗಲೇ ಬೇಡ" ಅಂದಿದ್ದಳು. ಅವನೂ ಹಾಗೇ ಅಂದುಕೊಂಡಿದ್ದ. ಅಷ್ಟರಲ್ಲಿ ಫೋನ್ ಬಂತು.

ವಾರಗಿತ್ತಿಯ ತಮ್ಮ. "ಅಕ್ಕಾ, ಅಮ್ಮ ಊಟ ಬಿಟ್ಟಿದ್ದಾಳೆ. ಡಾಕ್ಟ್ರು ಕೈ ಚೆಲ್ಲಿದ್ರು. ನಿನ್ನನ್ನೇ ಕೇಳ್ತಾಳೆ. ಬರೋದಿದ್ರೆ ಈಗಲೇ ಬಾ" ಅಂದ.

ಅವಳು ಫೋನು ಇಟ್ಟು ಗಂಡನ ಮುಖ ನೋಡಿದಳು. ಅವನು, "ನಾಳೆ ಬೆಳಕು ಹರಿಯುತ್ಲೇ ಹೊರಡೋಣ" ಅಂದ. ಅವಳು ಬೇಡ ಅನ್ನಲಿಲ್ಲ. ನನಗೆ ಅದೇ ಆಶ್ಚರ್ಯ.

ಸಂಜೆಯೆಲ್ಲ ಮೆಲ್ಲಣ್ಣ ಸಾಮಾನು ಜೋಡಿಸಿದ. ಹಾಸಿಗೆ, ಪಾತ್ರೆ, ಅಕ್ಕಿ, ಗ್ಯಾಸ್ ಎಲ್ಲ ಮುಂದಕ್ಕೆ. ನೀರಿನ ಟ್ಯಾಂಕು ಚಕ್ರದ ನೇರಕ್ಕೇ ಇತ್ತು, ಅದನ್ನು ತುಂಬಿಸಿದ. ತೂಕದ ಮಣೆ ತಂದು ಮೂತಿ ತೂಗಿದ, ಸರಿಯಾಗಿತ್ತು. "ನೀರು ಸಾಲುತ್ತಾ?" ಅಂತ ವಾರಗಿತ್ತಿ ಬಾಗಿಲಿನಿಂದಲೇ ಕೇಳಿದಳು. "ಹೋಗಿ ಬರೋಕೆ ಧಾರಾಳ ಸಾಲುತ್ತೆ" ಅಂದ. ಅವಳು ಮತ್ತೆ ಕೇಳಲಿಲ್ಲ.

ಬೆಳಗ್ಗೆ ಬಾಯಿ ಬಿಡದೆ ಎಲ್ಲವನ್ನೂ ಒಂದು ಸುತ್ತು ನೋಡಿದ. ಗುಂಡು, ಸರಪಳಿ, ದೀಪ, ಗಾಳಿ. ಗಾಡಿಯ ಬಾಗಿಲು ತೆಗೆದು ಮಂಚದ ಕೆಳಗೂ ಬಗ್ಗಿದ. ಹಿಂದಿನ ಬಚ್ಚಲಿನ ಬಾಗಿಲು ಮಾತ್ರ ತೆಗೆಯಲಿಲ್ಲ. ಅದು ಅವಳದ್ದು. ಚಿಲಕ ಬಿದ್ದಿದೆಯಾ ಅಂತ ಹೊರಗಿನಿಂದ ಮುಟ್ಟಿ ನೋಡಿ ಬಂದ. ಸಂಜೆಯೇ ತೂಗಿದ್ದೇನಲ್ಲ ಅಂತ ಮಣೆಯನ್ನೂ ತರಲಿಲ್ಲ. ವಾರಗಿತ್ತಿ ಮುಂದಿನ ಸೀಟಿನಲ್ಲಿ, ಹೊಟ್ಟೆಯ ಮೇಲೆ ಶಾಲು ಮಡಚಿ ಇಟ್ಟುಕೊಂಡು ಕೂತಳು. ನಾನು ಹಿಂದೆ. ಮದುವೆಯಾಗಿ ಅಷ್ಟು ವರ್ಷವಾದರೂ ಗಂಡ ಓಡಿಸುವಾಗ ಅವಳು ಪಕ್ಕದಲ್ಲಿ ಕೂತು ದೂರ ಹೋದದ್ದು ಅದೇ ಮೊದಲು.

ಬೆಟ್ಟ ಹತ್ತುವವರೆಗೆ ಚೆನ್ನಾಗಿಯೇ ಇತ್ತು. ಹಿಂದೆ ಲಾರಿಗಳ ಸಾಲು ಬೆಳೆಯಿತು. ಹಾರ್ನ್ ಮೇಲೆ ಹಾರ್ನ್. ಅವನಿಗೆ ಹಾರ್ನ್ ಕೇಳಿ ಗೊತ್ತಿಲ್ಲ, ಒಂದೊಂದು ಸಲಕ್ಕೂ ಹೆಗಲು ಕುಗ್ಗುತ್ತಿತ್ತು. "ಯಾರೋ ಬೈತಿದ್ದಾರೆ ನಮ್ಮನ್ನ" ಅಂದ. "ಬದುಕಿರೋರನ್ನ ಕೂರಿಸ್ಕೊಂಡ್ರೆ ಹಾಗೇ, ಬೈತಾರೆ" ಅಂದಳು ಅವಳು. ಮೂವರೂ ನಕ್ಕೆವು. ಆ ದಾರಿಯಲ್ಲಿ ನಕ್ಕದ್ದು ಅದೊಂದೇ ಸಲ.

ಬೆಟ್ಟ ದಾಟಿ ಉದ್ದ ಇಳಿಜಾರು. ಕೆಳಗಿನ ಗೇರಿನಲ್ಲೇ ಇಳಿಸುತ್ತಿದ್ದ. ಒಂದು ದೊಡ್ಡ ಬಸ್ಸು ಹಿಂದಿನಿಂದ ಬಂದು ನಮ್ಮನ್ನು ದಾಟಿತು. ಅದು ಬಂದದ್ದನ್ನು ಅವನು ಕನ್ನಡಿಯಲ್ಲಿ ನೋಡಿರಲಿಲ್ಲ ಅಂತ ಅವನ ಬೆನ್ನು ಬೆಚ್ಚಿದ್ದರಲ್ಲೇ ನನಗೆ ಗೊತ್ತಾಯಿತು. ಬಸ್ಸಿನ ಗಾಳಿ ಬಡಿದದ್ದೇ ತಡ, ಹಿಂದೆ ಯಾರೋ ಕಾರಿನ ಸೊಂಟ ಹಿಡಿದು ಎಳೆದ ಹಾಗಾಯಿತು. ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ, ಪ್ರತಿ ಸಲವೂ ಮೊದಲಿಗಿಂತ ಜೋರು. ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಮನೆಗಾಡಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬೀಸುತ್ತಿತ್ತು. ಆಚೆ ಕಡೆ ಕಂದಕ. ವಾರಗಿತ್ತಿ ಕೂಗಲಿಲ್ಲ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. "ಬ್ರೇಕ್ ಹಾಕ್ರೀ" ಅಂದಳು, ಒಂದೇ ಸಲ, ಮೆತ್ತಗೆ.

ಅವನು ಹಾಕಲಿಲ್ಲ. ಕಾಲು ತೆಗೆದ, ಸ್ಟಿಯರಿಂಗನ್ನು ತುಂಬಿದ ಕೊಡದ ಹಾಗೆ ನೇರ ಹಿಡಿದ, ಕೂತ. ಇಳಿಜಾರು ಮುಗಿದು ರಸ್ತೆ ಸಮವಾಯಿತು. ಬೀಸು ಕಮ್ಮಿಯಾಗುತ್ತಾ ಬಂದು ಗಾಡಿ ನಮ್ಮ ಹಿಂದೆ ಸಾಲಿಗೆ ನಿಂತಿತು. ಸ್ವಲ್ಪ ಮುಂದೆ ಒಂದು ಪೆಟ್ರೋಲ್ ಬಂಕ್ ಸಿಕ್ಕಿತು. ಅಂಗಳದ ಮೂಲೆಗೆ ತಂದು ನಿಲ್ಲಿಸಿದ.

ವಾರಗಿತ್ತಿಗೆ ತಲೆ ಸುತ್ತಿ ಬಂದಿತ್ತು. ಸೀಟು ಹಿಂದಕ್ಕೆ ಬಗ್ಗಿಸಿ, ಮುಖಕ್ಕೆ ಒದ್ದೆ ಬಟ್ಟೆ ಹಾಕಿ ಮಲಗಿಸಿದೆ. ಮೆಲ್ಲಣ್ಣ ಇಳಿದು ಕಾರಿನ ಹಿಂದೆ ಹೋಗಿ ನೆಲದ ಮೇಲೆ ಕೂತುಬಿಟ್ಟಿದ್ದ. ಕುಡಿಯಲು ನೀರು ಕೊಟ್ಟೆ. ಅವನ ಮುಖ ಸುಣ್ಣದ ಗೋಡೆ.

"ಅತ್ತಿಗೆ, ನಾನು ಇಷ್ಟು ವರ್ಷ ಕರ್ಕೊಂಡು ಹೋದೋರಿಗೆ ಇನ್ನೇನೂ ಆಗೋ ಹಾಗಿರ್ಲಿಲ್ಲ" ಅಂದ. "ನನ್ನಿಂದ ಯಾರಿಗೂ ನೋವಾಗಲ್ಲ ಅಂತ ಧೈರ್ಯ ಇತ್ತು. ಇವತ್ತು ಗೊತ್ತಾಯ್ತು, ನನಗೆ ಗಾಡಿ ಓಡಿಸೋಕೆ ಬರಲ್ಲ."

"ಬರದೆ ಇದ್ದಿದ್ರೆ ಕಂದಕದಲ್ಲಿ ಇರ್ತಿದ್ವಿ. ಏಳು" ಅಂದೆ.

ಎದ್ದು, ಗುಂಡಿನಿಂದ ಬಿಡಿಸಿ, ಮೂತಿಗೆ ಕೈ ಹಾಕಿ ಎತ್ತಿ ನೋಡಿದ. ಹಿಂದಿನ ಸಂಜೆ ಇದ್ದ ಭಾರ ಅಲ್ಲಿರಲಿಲ್ಲ ಅಂತ ಕಾಣುತ್ತದೆ, ಹುಬ್ಬು ಗಂಟಾಯಿತು. ಗಾಡಿ ಒಳಗೆ ಹೋದೆವು. ಮುಂದೆ ಇಟ್ಟದ್ದೆಲ್ಲ ಮುಂದೆಯೇ ಇತ್ತು. ಉಳಿದದ್ದು ಬಚ್ಚಲು. ಅದರ ಮುಂದೆ ನಿಂತು ಅವನು ಬೆರಳು ಮಡಚಿ ಬಾಗಿಲು ತಟ್ಟಿದ. ಅವಳು ಕಾರಿನಲ್ಲಿ ಮಲಗಿದ್ದಾಳೆ ಅಂತ ಗೊತ್ತಿದ್ದೂ ತಟ್ಟಿದ. ಆಮೇಲೆ ತೆಗೆದ.

ಒಳಗೆ ನೀರಿನ ಕ್ಯಾನುಗಳು. ಎಣ್ಣೆ ತರುವ ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳನ್ನು ತೊಳೆದು, ಕಂಠದ ತನಕ ನೀರು ತುಂಬಿಸಿ, ಹಿಂದಿನ ಗೋಡೆಗೆ ಒತ್ತರಿಸಿ ಇಟ್ಟಿದ್ದಳು. ಒಂದೊಂದರ ಮುಚ್ಚಳಕ್ಕೂ ಸೋರದ ಹಾಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ದಾರ ಸುತ್ತಿದ್ದಳು. ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದ ಹೆಂಗಸು, ನಾವು ಮಲಗಿದ ಮೇಲೆ ಅಡುಗೆಮನೆಯ ನಲ್ಲಿಯಿಂದ ಒಂದೊಂದೇ ಹೊತ್ತು ತಂದು ಇಟ್ಟಿರಬೇಕು. ತವರುಮನೆಯಲ್ಲಿ, ನಾದಿನಿಯ, ಅಂದರೆ ತಮ್ಮನ ಹೆಂಡತಿಯ ಎದುರಿಗೆ, ಸ್ವಲ್ಪ ನೀರು ಕೊಡಿ ಅಂತ ಕೇಳಿ, ಯಾಕೆ ಅಂತ ಅವರು ಕೇಳುವುದನ್ನು ಅವಳಿಗೆ ತಡೆಯಲಾಗದು. ಗಾಡಿಯ ಬಾಲಕ್ಕೆ ಒಂದು ಆಳಿನ ಭಾರ ಕಟ್ಟಿದ ಹಾಗಾಗಿತ್ತು.

ಮೆಲ್ಲಣ್ಣ ಬಹಳ ಹೊತ್ತು ಆ ದಾರ ಸುತ್ತಿದ ಮುಚ್ಚಳಗಳನ್ನೇ ನೋಡಿದ.

"ಕರೆದು ಹೇಳ್ತೀನಿ ಇರು ಅವಳಿಗೆ" ಅಂದೆ ನಾನು. ನನಗೆ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು.

"ಬೇಡ ಅತ್ತಿಗೆ."

"ಮೂರು ಜೀವ ಹೋಗ್ತಿತ್ತು."

"ಅದಕ್ಕೇ ಬೇಡ ಅನ್ನೋದು. ಈಗಲೇ ಅವಳು ತನ್ನ ಮೈನ ಕಂಡ್ರೆ ಹೇಸ್ಕೋತಾಳೆ. ಇದೂ ಗೊತ್ತಾದ್ರೆ ಆ ಬಾಗಿಲ ಒಳಗಿಂದ ಹೊರಗೇ ಬರಲ್ಲ. ನೋಡದೆ ಹೊರಟಿದ್ದು ನಾನು. ಬಸ್ಸಿನ ಗಾಳಿ ಅಂತ ಇರ್ಲಿ."

ದಾರ ಬಿಚ್ಚಿ ಎಲ್ಲ ನೀರನ್ನೂ ಬಂಕಿನ ಹಿಂದಿನ ಚರಂಡಿಗೆ ಸುರಿದೆವು. ನಾನು ಕಾರಿನ ಕಡೆ ಕಣ್ಣಿಟ್ಟಿದ್ದೆ. ಖಾಲಿ ಕ್ಯಾನುಗಳಿಗೆ ಮುಚ್ಚಳ ಹಾಕಿ ಮತ್ತೆ ಒಳಗಿಟ್ಟು ಬಾಗಿಲು ಹಾಕಿದ.

ಅಷ್ಟಕ್ಕೇ ಮುಗಿಯಲಿಲ್ಲ. ಬಗ್ಗಿ ನೋಡಿದರೆ, ಗುಂಡನ್ನು ಕಾರಿಗೆ ಕೂರಿಸಿದ್ದ ಕಬ್ಬಿಣದ ಪಟ್ಟಿ ಸೀಳು ಬಿಟ್ಟಿತ್ತು. ಬೀಸಿದ ಬೀಸಿಗೆ. ಬಂಕಿನವನು ಮುಂದಿನ ಪೇಟೆಯಲ್ಲಿ ವರ್ಕ್‌ಶಾಪ್ ಇದೆ ಅಂದ. ನಡೆಯುವವರ ಜೊತೆ ಮಾತಾಡುತ್ತಾ ಹೋಗಬಹುದಾದಷ್ಟು ನಿಧಾನಕ್ಕೆ ಅಲ್ಲಿಗೆ ತಲುಪಿದೆವು. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಬಂದು, ಪಟ್ಟಿ ಬಿಚ್ಚಿ, ವೆಲ್ಡ್ ಮಾಡಿ, ಇನ್ನೊಂದು ತುಂಡು ಒತ್ತುಕೊಟ್ಟು ಮುಗಿಸುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು.

ನಡುವೆ ವಾರಗಿತ್ತಿಯ ತಮ್ಮ ಫೋನ್ ಮಾಡಿದ. ಉಸಿರು ಮೇಲೆ ಕೆಳಗೆ ಆಗ್ತಿದೆ, ಎಲ್ಲಿದ್ದೀರಿ ಅಂತ. ಅವಳು ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತು ಕೈ ಕೈ ಹಿಸುಕಿಕೊಳ್ಳುತ್ತಿದ್ದಳು.

ಮೆಲ್ಲಣ್ಣ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಗಾಡಿ ಇಲ್ಲೇ ಬಿಡೋಣ. ಬರೀ ಕಾರಲ್ಲಿ ಹೋದ್ರೆ ಕತ್ತಲಾದ್ರೂ ಹೆದರಿಕೆ ಇಲ್ಲ. ಊಟದ ಹೊತ್ತಿಗೆ ಅಮ್ಮನ ಹತ್ರ ಇರ್ತೀಯ."

ಅವಳು ನೆಲ ನೋಡಿದಳು. ಶಾಲಿನ ಮೇಲೆ ಕೈ ಇಟ್ಟುಕೊಂಡಳು. ಮೇಸ್ತ್ರಿ ಸುತ್ತಿಗೆ ಬಡಿಯುತ್ತಿದ್ದ. ಅವಳ ತುಟಿ ಅಲುಗಿತು, ಏನೋ ಹೇಳಿಕೊಳ್ಳುತ್ತಿದ್ದಳು, ತನಗೇ ಧೈರ್ಯ ಹೇಳಿಕೊಳ್ಳುತ್ತಿದ್ದಳೇನೋ. ಕೊನೆಗೆ ಬೇಡ ಅಂತ ತಲೆ ಅಲ್ಲಾಡಿಸಿದಳು.

"ಅಲ್ಲಾಡಿದ್ದಕ್ಕೆ ಆಗಲೇ ಸೋರ್ತಿದೆ. ಅಲ್ಲಿ ಮನೆ ತುಂಬ ಜನ. ನಾನು ಎಲ್ಲಿ ಬಿಚ್ಚಲಿ, ಎಲ್ಲಿ ತೊಳೀಲಿ. ಆಗಲ್ಲ ರೀ."

"ಅತ್ತಿಗೆ ಜೊತೇಲಿರ್ತಾರೆ. ಬಾಗಿಲಿಗೆ ನಾನು ನಿಲ್ತೀನಿ."

"ಆಗಲ್ಲ ಅಂದ್ನಲ್ಲ. ಗಾಡಿ ಕಟ್ಟಿ, ಈಗಲೇ ಹೊರಡಿ. ರಾತ್ರಿಯೆಲ್ಲ ಓಡಿಸಿದ್ರೂ ಸರಿ."

"ಕತ್ತಲಲ್ಲಿ ಇದನ್ನ ಎಳೆಯಲ್ಲ ನಾನು."

"ಅಮ್ಮ ಕಾಯಲ್ಲ."

ಅವನು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಅವನನ್ನು ಅಷ್ಟು ವರ್ಷ ಕಂಡಿದ್ದೆ, ಹೆಂಡತಿಗೆ ಎದುರು ನಿಂತದ್ದನ್ನು ಕಂಡಿದ್ದು ಅದೇ ಮೊದಲು. ಅವಳು ಅತ್ತಳು, ಬೈದಳು, ನನ್ನ ಕಡೆ ತಿರುಗಿ "ಅಕ್ಕಾ, ನೀನಾದ್ರೂ ಹೇಳು" ಅಂದಳು. ನಾನು ಏನು ಹೇಳಲಿ. ಆ ಇಳಿಜಾರಿನಲ್ಲಿ ಹಿಂದಿನ ಗಾಜಿನಿಂದ ನೋಡಿದವಳು ನಾನು. ವರ್ಕ್‌ಶಾಪಿನ ಅಂಗಳದಲ್ಲೇ ಮನೆಗಾಡಿಯಲ್ಲಿ ಮಲಗಿದೆವು. ಅವಳು ದೀಪ ಹಾಕದೆ ಬಚ್ಚಲಿಗೆ ಹೋಗಿ, ಕ್ಯಾನು ಮುಟ್ಟದೆ ಟ್ಯಾಂಕಿನ ನೀರಿನಲ್ಲೇ ತನ್ನ ಕೆಲಸ ಮುಗಿಸಿ ಬಂದು ಗೋಡೆಗೆ ಮುಖ ಹಾಕಿದಳು.

ಬೆಳಗ್ಗೆ ಮೂತಿ ತೂಗಿ, ಸರಪಳಿ ಜಗ್ಗಿ ನೋಡಿ ಹೊರಟೆವು. ಆ ದಿನ ಅವನ ಕಣ್ಣು ಕನ್ನಡಿ ಬಿಟ್ಟು ಕದಲಲಿಲ್ಲ. ಹಿಂದೆ ಯಾರು ಬಂದರೂ ಅಂಚಿಗೆ ಸರಿದು ಅವರನ್ನು ಮುಂದೆ ಬಿಡುತ್ತಿದ್ದ. ಪ್ರತಿ ಸಲ ಬಿಟ್ಟಾಗಲೂ ವಾರಗಿತ್ತಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದಳು, ತಾನೇ ತಳ್ಳಿಕೊಂಡು ಹೋಗುವವಳ ಹಾಗೆ.

ತಮ್ಮನ ಮನೆ ಮುಂದೆ ಚಪ್ಪಲಿಗಳು ಬಿದ್ದಿದ್ದವು. ಅದನ್ನು ನೋಡಿದ ಕೂಡಲೇ ಮೆಲ್ಲಣ್ಣ ಎಂಜಿನ್ ಆಫ್ ಮಾಡಿದ. ಅಂಥ ಬಾಗಿಲುಗಳನ್ನು ಎಷ್ಟು ಕಂಡವನೋ, ಯಾರೂ ಹೇಳಬೇಕಾಗಿರಲಿಲ್ಲ. ವಾರಗಿತ್ತಿಗೆ ಇನ್ನೂ ತಿಳಿದಿರಲಿಲ್ಲ. ಶಾಲು ಸರಿ ಮಾಡಿಕೊಂಡು, ತಲೆ ಬಾಚಿಕೊಂಡು ಇಳಿದಳು.

ಬೆಳಕು ಹರಿಯುವ ಹೊತ್ತಿಗೆ ಹೋಗಿದ್ದಳಂತೆ ಮುದುಕಿ. ದಾರಿಯಲ್ಲಿದ್ದವರಿಗೆ ಫೋನಿನಲ್ಲಿ ಹೇಳಲು ತಮ್ಮನಿಗೆ ಮನಸ್ಸು ಬಂದಿರಲಿಲ್ಲ. ತಮ್ಮ ಅಕ್ಕನನ್ನು ಹಿಡಿದುಕೊಂಡು ಅತ್ತ. "ರಾತ್ರಿಯೆಲ್ಲ ಬಾಗಿಲ ಕಡೆಗೇ ನೋಡ್ತಿದ್ಲು ಅಕ್ಕ. ಗಾಡಿ ಸದ್ದು ಕೇಳಲ್ಲ ಅಂತ ಗೊತ್ತಿತ್ತಲ್ಲ ಅವಳಿಗೆ, ಅದಕ್ಕೇ ಕಣ್ಣು ಮುಚ್ಚಲೇ ಇಲ್ಲ" ಅಂದ.

ವಾರಗಿತ್ತಿ ತಾಯಿಯ ಪಕ್ಕ ಕೂತು ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಳಲಿಲ್ಲ. ಯಾರೋ ನೆಂಟರು, "ನಿನ್ನೆ ಬೆಳಗ್ಗೆ ಹೊರಟೋರು ಇಷ್ಟು ಹೊತ್ತಾಯ್ತಾ?" ಅಂದರು. ಕೇಳಬಾರದ ಹೊತ್ತಿನಲ್ಲಿ ಕೇಳಬಾರದ್ದನ್ನು ಕೇಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಆಗ ಅವಳು ತಲೆ ಎತ್ತಿದಳು. ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಹೆಣ ಹೊತ್ತು ಅಭ್ಯಾಸ ಅವ್ರಿಗೆ. ಬದುಕಿರೋರು ಕಾಯ್ತಾರೆ ಅನ್ನೋದೇ ಗೊತ್ತಿಲ್ಲ."

ಆ ನೀರಿನ ಕ್ಯಾನುಗಳ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೆಲ್ಲಣ್ಣ ನನ್ನ ಕಡೆ ನೋಡಿದ. ಅಷ್ಟೇ. ನಾನು ಬಾಯಿ ಮುಚ್ಚಿದೆ.

ಮಧ್ಯಾಹ್ನ, ಎಲ್ಲ ಮುಗಿದ ಮೇಲೆ, ಅವಳು ಮನೆಗಾಡಿಗೆ ಹೋದಳು. ನಾನು ಮೆಟ್ಟಿಲ ಬಳಿ ಕೂತಿದ್ದೆ, ಅವನು ಸ್ವಲ್ಪ ದೂರ ಬೆನ್ನು ತಿರುಗಿಸಿ ನಿಂತಿದ್ದ. ಒಳಗಿನಿಂದ ಅವಳ ದನಿ ಬಂತು, "ರೀ, ಟ್ಯಾಂಕಲ್ಲಿ ನೀರು ಸಣ್ಣಗೆ ಬರ್ತಿದೆ. ಇಲ್ಲಿಟ್ಟಿದ್ದ ಕ್ಯಾನೆಲ್ಲ ಖಾಲಿ ಇದಾವಲ್ಲ."

"ದಾರೀಲಿ ಅಲ್ಲಾಡಿ ಸೋರಿ ಹೋಯ್ತೇನೋ."

"ದಾರ ಸುತ್ತಿದ್ದೆ."

"ಬಿಚ್ಚಿಕೊಂಡಿರ್ಬೇಕು."

"ಒಂದು ಕೆಲಸನೂ ನೆಟ್ಟಗೆ ಆಗಲ್ಲ ನಿಮ್ ಕೈಲಿ" ಅಂದಳು. ಅವನು ಎರಡು ಬಕೆಟ್ ತೆಗೆದುಕೊಂಡು, ಅಂಗಳದಲ್ಲಿ ಕೂತಿದ್ದ ನೆಂಟರ ನಡುವೆ ದಾರಿ ಮಾಡಿಕೊಂಡು, ನಾದಿನಿಯ ಅಡುಗೆಮನೆಗೆ ಹೋಗಿ ನೀರು ಕೇಳಿದ. ಯಾಕೆ ಅಂತ ಆಕೆ ಕೇಳಿದಳು. "ಕಾರು ಬಿಸಿಯಾಗಿದೆ, ಎಂಜಿನ್‌ಗೆ ಹಾಕ್ಬೇಕು" ಅಂದ. ಹಾಗೆ ಅವನು ಮತ್ತೆ ಮತ್ತೆ ಹೋಗಿ ಬಂದ. ಇವರ ಕಾರಿಗೆ ಎಷ್ಟು ಬಾಯಾರಿಕೆ ಅಂತ ಅಂಗಳದಲ್ಲಿ ಯಾರೋ ನಕ್ಕರು.

ಇಬ್ಬರೂ ಈಗಿಲ್ಲ. ಮೊದಲು ಅವಳು ಹೋದಳು, ಗಡ್ಡೆ ಮತ್ತೆ ಬಂದು. ಅವಳನ್ನು ಆಸ್ಪತ್ರೆಯ ಹೊಸ ಡ್ರೈವರು ಸಾಗಿಸಿದ, ಮೆಲ್ಲಣ್ಣ ಹಿಂದೆ ಕೂತಿದ್ದ. ಆಮೇಲೆ ಅವನು. ಬೀದಿಯವರು ಇವತ್ತಿಗೂ ಅವನ ಮಾತು ಬಂದರೆ ಅತ್ತೆಯ ಮುಖ ನೋಡಲೂ ಹೆಂಡತಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸದ ಆಸಾಮಿ ಅಂತ ನಗುತ್ತಾರೆ. ಅವಳೇ ಹೇಳಿಕೊಂಡು ತಿರುಗಿದ ಮಾತು ಅದು. ಆ ಪ್ರಯಾಣವಾದ ಮೇಲೆ ಅವಳು ಅಷ್ಟಿಷ್ಟು ಹೊರಗೆ ಬರಲು ಶುರು ಮಾಡಿದ್ದಳು, ಅಕ್ಕಪಕ್ಕದವರ ಕಟ್ಟೆಯ ಮೇಲೆ ಕೂತು ಗಂಡನನ್ನು ಆಡಿಕೊಳ್ಳುತ್ತಿದ್ದಳು. ಅವನು ಒಳಗೆ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ.

ನನಗೆ ಮರೆಯದೆ ಉಳಿದಿರುವುದು ವಾಪಸು ಬಂದ ದಿನ. ಬೆಟ್ಟ ಹತ್ತುತ್ತಿದ್ದೆವು. ಅವಳು ಕೇಳಿದಳು, ಬೈಗುಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ:

"ಆ ರಾತ್ರಿ ನಿಲ್ಲಿಸ್ಲೇಬೇಕಿತ್ತಾ?"

ಅವನು ಒಂದು ಸಲ ಪಕ್ಕದ ಕನ್ನಡಿ ನೋಡಿದ.

"ಇಲ್ಲ ಕಣೆ" ಅಂದ. "ಓಡಿಸ್ಬಹುದಿತ್ತು. ನಾನು ಹೆದರಿಬಿಟ್ಟೆ."

ಅವಳು ತಲೆ ಆಡಿಸಿ ಕಿಟಕಿಯ ಕಡೆ ತಿರುಗಿದಳು. ಹಿಂದೆ ಒಂದು ಲಾರಿ ಬರುತ್ತಿತ್ತು. ಅವನು ಮೆಲ್ಲಗೆ ಅಂಚಿಗೆ ಸರಿದು, ಅದು ಪೂರ್ತಿ ದಾಟಿ ಅದರ ಗಾಳಿ ಅಡಗುವ ತನಕ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ನೇರ ಹಿಡಿದುಕೊಂಡಿದ್ದ.